ಹ್ವಾದ ಚೇರಮನ್ನಂದs ಮುಂದ ನಡಸ್ತಾನೇನ್ರಿ?

ಚುನಾವಣೆ ಬಂತೆಂದರೆ ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕಿವಿಗೆ ಬೀಳುತ್ತದೆ. "ಗುರೂಜಿ, ಈ ಮನಿಷ್ಯಾ ಹ್ವಾದ ಚೇರಮನ್ನಂದs ಮುಂದ ನಡಸ್ತಾನೋ, ಬ್ಯಾರೆ ಏನರ ಮಾಡ್ತಾನೋ?" ಕೇಳುವವರು ಡೇರಿಗೆ ಹಾಲಿನ ಕ್ಯಾನು ಹಿಡಿದು ಹೊರಟವರಿರಬಹುದು, ಕಬ್ಬಿನ ಬಿಲ್ಲಿನ ದಾರಿ ಕಾಯುವವರಿರಬಹುದು, ಮಗನ ಹೆಸರು ಹಚ್ಚಲು ಶಾಲೆಗೆ ಬಂದ ತಾಯಿ ಇರಬಹುದು. ಪ್ರಶ್ನೆ ಮಾತ್ರ ಅದೇ. ಅವರಿಗೆ ಬೇಸರ ಬಂದಿರುವುದು ಈಗ ಕುರ್ಚಿಯಲ್ಲಿರುವವರ ಧೋರಣೆಯ ಮೇಲೆ. ಎದುರಿಗೆ ಕೈಮುಗಿದು ನಿಂತವನು ಹೊಸಬ. ಅವನ ಮೇಲೆ ಅವರಿಗೆ ಸಿಟ್ಟಿಲ್ಲ, ಅನುಮಾನ ಇದೆ, ಅಷ್ಟೇ.

ದೂರದ ಊರಿನ ಓದುಗರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲಿ 'ಅಧ್ಯಕ್ಷ' ಎಂದರೆ ಯಾವುದೋ ದೇಶದ ರಾಷ್ಟ್ರಾಧ್ಯಕ್ಷ ನೆನಪಾಗುವುದಿಲ್ಲ. ಸಕ್ಕರೆ ಕಾರಖಾನೆಯ ಚೇರಮನ್, ಹಾಲಿನ ಸಂಘದ ಚೇರಮನ್, ಜಿಲ್ಲಾ ಬ್ಯಾಂಕಿನ ಚೇರಮನ್, ಸೂತಗಿರಣಿಯ ಚೇರಮನ್ ನೆನಪಾಗುತ್ತಾರೆ. ಕಬ್ಬಿನ ದರ, ಹಾಲಿನ ದರ, ಬೆಳೆಸಾಲ ಎಲ್ಲ ಅವರ ಟೇಬಲ್ಲಿನ ಮೇಲೆಯೇ ಹಾಯ್ದು ಬರಬೇಕು. ಎಷ್ಟೋ ಸಲ ಆ ಚೇರಮನ್ನರೇ ಶಾಸಕರು, ಅವರೇ ಮಂತ್ರಿಗಳು. ಹೀಗಾಗಿ ಒಬ್ಬರ ಧೋರಣೆ ಜನಕ್ಕೆ ಒಗ್ಗಲಿಲ್ಲ ಎಂದರೆ ಅದು ಪೇಪರಿನಲ್ಲಿ ಓದಿ ಮರೆಯುವ ಸುದ್ದಿಯಲ್ಲ, ಮನೆಯ ಜಮಾಖರ್ಚಿಗೇ ತಾಗುವ ಮಾತು.

ನಾನು ಶಿಕ್ಷಕ. ಮತದಾನದ ದಿನ ಬೂತಿನಲ್ಲಿ ಕೂತು ಯಾದಿಯಲ್ಲಿ ಹೆಸರು ಹುಡುಕುವುದು, ಬೆರಳಿಗೆ ಶಾಯಿ ಹಚ್ಚುವುದು ನಮ್ಮ ಪಾಲಿನ ಕೆಲಸ. 'ಯಾರಿಗೆ ಹಾಕಲಿ ಗುರೂಜಿ' ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ, ಕೊಡಲೂ ಬಾರದು. ಆದರೆ ಮೇಲಿನ ಪ್ರಶ್ನೆ 'ಯಾರಿಗೆ' ಅನ್ನುವುದಲ್ಲ. 'ಹೆಂಗ ತಿಳಕೋಬೇಕು' ಅನ್ನುವುದು. ಅದನ್ನು ಕಲಿಸುವುದು ಶಾಲೆಯವರ ಕೆಲಸವೇ ಅಂತ ನನಗೆ ಅನಿಸುತ್ತದೆ. ನಾಗರಿಕಶಾಸ್ತ್ರದ ಪುಸ್ತಕದಲ್ಲಿ ಚುನಾವಣೆ ಎಂದರೆ ಗುಪ್ತ ಮತದಾನ, ವಯಸ್ಸು 18 ಅಂತ ಕಲಿಸಿ ಮುಗಿಸಿಬಿಡುತ್ತೇವೆ. ಈ ಪ್ರಶ್ನೆ ಅಲ್ಲಿ ಎಲ್ಲೂ ಇಲ್ಲ.

ಇದು ನಮ್ಮ ಹಳ್ಳಿಯವರದಷ್ಟೇ ಚಿಂತೆಯೂ ಅಲ್ಲ. 2008ರಲ್ಲಿ ಅಮೆರಿಕದಲ್ಲಿ ಇದೇ ಪ್ರಶ್ನೆಯ ಸುತ್ತ ಇಡೀ ಚುನಾವಣೆ ನಡೆಯಿತು. ಆಗ ಅಧ್ಯಕ್ಷರಾಗಿದ್ದವರು ಜಾರ್ಜ್ ಬುಷ್. ಇರಾಕ್ ಯುದ್ಧ, ಕುಸಿದ ಬ್ಯಾಂಕುಗಳು, ಹೀಗಾಗಿ ಆ ವರ್ಷದ ಅಕ್ಟೋಬರಿನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚುವವರು ನೂರಕ್ಕೆ 25ರ ಆಸುಪಾಸಿಗೆ ಇಳಿದಿದ್ದರು. ಅವರ ಪಕ್ಷದಿಂದ ನಿಂತವರು ಜಾನ್ ಮೆಕೇನ್. ಎದುರಾಳಿ ಒಬಾಮ ಊರೂರಿಗೆ ಹೋಗಿ ಹೇಳಿದ್ದು ಒಂದೇ ಮಾತು: ಈ ಮನುಷ್ಯ ಸಂಸತ್ತಿನಲ್ಲಿ ನೂರರಲ್ಲಿ 90 ಸಲ ಬುಷ್ ಹೇಳಿದಂತೆಯೇ ಕೈ ಎತ್ತಿದ್ದಾರೆ, ಇವರು ಬಂದರೆ ಬುಷ್ ಬಂದ ಹಾಗೆ. 2008ರ ಅಕ್ಟೋಬರ್ 15ರ ಚರ್ಚೆಯಲ್ಲಿ ಮೆಕೇನ್ ರೋಸಿಹೋಗಿ, ನಾನು ಬುಷ್ ಅಲ್ಲ, ಅವರ ವಿರುದ್ಧ ಹೋರಾಡಬೇಕಿದ್ದರೆ ನಾಲ್ಕು ವರ್ಷ ಹಿಂದೆಯೇ ನಿಲ್ಲಬೇಕಿತ್ತು ಎಂಬರ್ಥದ ಮಾತಾಡಿದರು. ಜನ ಒಪ್ಪಲಿಲ್ಲ. ಒಬಾಮ 365 ಮತ, ಮೆಕೇನ್ 173 ಮತ, ಹೀಗೆ ಲೆಕ್ಕ ಮುಗಿಯಿತು.

ಕತೆ ಇಲ್ಲಿಗೇ ನಿಂತರೆ ಪಾಠ ಸುಲಭ. ಆದರೆ ಮುಂದೆ ಏನಾಯಿತು ನೋಡಿ. ಒಬಾಮ ಬಂದ ಮೇಲೂ ರಕ್ಷಣಾ ಮಂತ್ರಿಯಾಗಿ ಉಳಿದವರು ಬುಷ್ ನೇಮಿಸಿದ್ದ ರಾಬರ್ಟ್ ಗೇಟ್ಸ್, ಅದೂ 2011ರವರೆಗೆ. ಗ್ವಾಂಟನಾಮೊ ಸೆರೆಮನೆಯನ್ನು ಒಂದು ವರ್ಷದಲ್ಲಿ ಮುಚ್ಚಬೇಕು ಎಂಬ ಆಜ್ಞೆಗೆ ಒಬಾಮ 2009ರ ಜನವರಿ 22ರಂದು ಸಹಿ ಹಾಕಿದರು. ಎಂಟು ವರ್ಷ ಆಳಿ ಅವರು ಮನೆಗೆ ಹೋದಾಗಲೂ ಆ ಸೆರೆಮನೆ ತೆರೆದೇ ಇತ್ತು. ಬ್ಯಾಂಕುಗಳಿಗೆ ಆಸರೆ ಕೊಡಲು ಬುಷ್ ಕಾಲದಲ್ಲಿ ಮಂಜೂರಾದ 70,000 ಕೋಟಿ ಡಾಲರಿನ ಯೋಜನೆಯೂ ಮುಂದುವರಿಯಿತು. ಬುಷ್‌ನ ಮನುಷ್ಯ ಬೇಡ ಅಂತ ಜನ ಮತ ಹಾಕಿದರು, ಬುಷ್‌ನ ಎಷ್ಟೋ ಕೆಲಸಗಳು ಹಾಗೇ ನಡೆದವು.

ಹದಿನಾರು ವರ್ಷದ ಮೇಲೆ ಇನ್ನೊಂದು ಪಕ್ಷಕ್ಕೆ ಅದೇ ಪಾಳಿ ಬಂತು. ಬೈಡನ್ 2024ರ ಜುಲೈ 21ರಂದು ಕಣದಿಂದ ಹಿಂದೆ ಸರಿದರು, ಕಮಲಾ ಹ್ಯಾರಿಸ್ ನಿಂತರು. ಅಕ್ಟೋಬರ್ 8ರಂದು ಟಿವಿ ಕಾರ್ಯಕ್ರಮದಲ್ಲಿ ಅವರಿಗೆ ಕೇಳಿದ್ದು ನಮ್ಮ ಹಾಲಿನವರ ಪ್ರಶ್ನೆಯನ್ನೇ: ಬೈಡನ್ ಅವರಿಗಿಂತ ನೀವು ಬೇರೆ ಏನು ಮಾಡುತ್ತಿದ್ದಿರಿ? ಏನೂ ತಲೆಗೆ ಹೊಳೆಯುತ್ತಿಲ್ಲ ಎಂಬಂಥ ಉತ್ತರ ಬಂತು. ಸೋಲಿಗೆ ಅದೊಂದೇ ಕಾರಣ ಅಂತಲ್ಲ. ಆದರೆ ಆ ಉತ್ತರವನ್ನು ಎದುರಾಳಿಗಳು ಕೊನೆಯ ದಿನದವರೆಗೂ ಜಾಹೀರಾತಿನಲ್ಲಿ ತೋರಿಸಿದರು.

ಈಗ ನಮ್ಮ ಊರಿಗೆ ಬರೋಣ. ನಮ್ಮ ಜಿಲ್ಲೆಯಲ್ಲೇ ಇಂಥ ಎರಡು ಪ್ರಕರಣಗಳು ನಡೆದಿವೆ. ಒಂದಕ್ಕೊಂದು ತಿರುಗಾಮುರುಗಾ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಮೆರಿಕದ ಕತೆಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲನೆಯದು ಗೋಕುಳ. ಕೊಲ್ಹಾಪುರ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘ, 1963ರಲ್ಲಿ ಸ್ಥಾಪನೆಯಾದದ್ದು. ಬಹಳ ವರ್ಷ ಅದರ ಮೇಲೆ ಮಹಾದೇವರಾವ ಮಹಾಡಿಕ ಅವರ ಗುಂಪಿನ ಹಿಡಿತವಿತ್ತು. 2018ರಲ್ಲಿ ಆಗಿನ ಆಡಳಿತ ಮಂಡಳಿ ಸಂಘವನ್ನು ಬಹುರಾಜ್ಯ ಸಂಘ, ಅಂದರೆ 'ಮಲ್ಟಿಸ್ಟೇಟ್' ಮಾಡಲು ಹೊರಟಿತು. ಗಡಿಯಾಚೆಯ ಕರ್ನಾಟಕದ ಹಳ್ಳಿಗಳ ಹಾಲನ್ನೂ ಸೇರಿಸಿ ಸಂಘ ಬೆಳೆಸಬಹುದು ಎಂಬುದು ಅವರ ವಾದ. ಹಾಗೆ ನೋಡಿದರೆ ನಮ್ಮಂಥ ಕನ್ನಡದವರಿಗೆ ಖುಷಿಯಾಗಬೇಕಿತ್ತಲ್ಲವೇ? ಆದರೆ ರೈತರಿಗೆ ಕಂಡದ್ದು ಬೇರೆ. 2002ರ ಬಹುರಾಜ್ಯ ಸಹಕಾರಿ ಸಂಘಗಳ ಕಾಯ್ದೆಯ ಕೆಳಗೆ ಹೋದರೆ ರಾಜ್ಯದ ಸಹಕಾರ ಖಾತೆಯ ಹತೋಟಿ ತಪ್ಪುತ್ತದೆ, ತಕರಾರು ಇದ್ದರೆ ದಿಲ್ಲಿಯ ಕೇಂದ್ರ ನಿಬಂಧಕರ ಬಾಗಿಲಿಗೆ ಹೋಗಬೇಕು. ಸದಸ್ಯರ ಯಾದಿ ಬದಲಾದರೆ ಈಗಿನವರೇ ಕಾಯಂ ಆಗಿ ಕೂತುಬಿಡುತ್ತಾರೆ ಎಂಬ ಭಯ ಬೇರೆ. ಆ ವರ್ಷದ ಸರ್ವಸಾಧಾರಣ ಸಭೆ ಗದ್ದಲದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯಿತು. ಸಿಟ್ಟು ಎಷ್ಟಿತ್ತೆಂದರೆ 2019ರಲ್ಲಿ ಆ ಪ್ರಸ್ತಾವವನ್ನು ಹಿಂದೆ ತೆಗೆದುಕೊಳ್ಳಬೇಕಾಯಿತು.

ಹಿಂದೆ ತಗೊಂಡರಲ್ಲ, ಮುಗೀತಲ್ಲ? ಇಲ್ಲ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೇ ಅಲೆಯ ನಡುವೆ ಗೋಕುಳದ ಚುನಾವಣೆ ನಡೆದಾಗ ಕಟ್ಟೆಯ ಮೇಲೆ ಅದೇ ಮಾತು: "ಇವತ್ತ ಹಿಂದ ತಗೊಂಡಾರು, ಆರಿಸಿ ಬಂದ ಮ್ಯಾಲ ಮತ್ತ ತರೂದಿಲ್ಲ ಅಂತ ಏನ್ ಖಾತ್ರಿ?" ಸತೇಜ ಪಾಟೀಲ ಮತ್ತು ಹಸನ್ ಮುಶ್ರೀಫ ಅವರ ಪ್ಯಾನೆಲ್ 21ರಲ್ಲಿ 17 ಸ್ಥಾನ ಗೆದ್ದಿತು.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಆ ಚುನಾವಣೆಯಲ್ಲಿ ಮತ ಹಾಕಿದವರು ಎಮ್ಮೆ ಕಟ್ಟಿದ ಎಲ್ಲರೂ ಅಲ್ಲ. ಹಳ್ಳಿಯ ಒಂದೊಂದು ಹಾಲಿನ ಸಂಸ್ಥೆ ಠರಾವು ಮಾಡಿ ಒಬ್ಬೊಬ್ಬರನ್ನು ಕಳಿಸುತ್ತದೆ. ಅಂಥ ಠರಾವಧಾರಕರು ಜಿಲ್ಲೆಗೆಲ್ಲ ಸೇರಿ ಮೂರೂವರೆ ಸಾವಿರಕ್ಕೆ ಸ್ವಲ್ಪ ಮೇಲೆ, ಅಷ್ಟೇ. ಬೆಳಗಿನ ನಾಲ್ಕಕ್ಕೆ ಎದ್ದು ಹಾಲು ಹಿಂಡುವ ಹೆಣ್ಣುಮಗಳಿಗೆ ಚಿಂತೆ ಇದೆ, ನೇರ ಮತ ಇಲ್ಲ. ಅವಳ ಮತ ತನ್ನ ಊರ ಸಂಸ್ಥೆಯ ಕಮಿಟಿಯನ್ನು ಆರಿಸುವಲ್ಲಿ, ಅದೂ ಖಾತೆ ಅವಳ ಹೆಸರಿನಲ್ಲಿದ್ದರೆ.

ಎರಡು, 'ಬದಲಾವಣೆ'ಯ ಪ್ಯಾನೆಲ್ಲಿನಿಂದ ಗೆದ್ದು ಅಧ್ಯಕ್ಷರಾದವರು ವಿಶ್ವಾಸ ಪಾಟೀಲರು. ಹಳೆಯ ಗುಂಪಿನ ಆಡಳಿತದಲ್ಲೂ ಅವರು ಅಧ್ಯಕ್ಷರಾಗಿದ್ದವರೇ. ಅವರ ನಂತರ 2023ರಲ್ಲಿ ಅಧ್ಯಕ್ಷರಾದ ಅರುಣ ಡೋಂಗಳೆ ಕೂಡ ಹಳೆಯ ಮಂಡಳಿಯವರೇ. ಹಳೆಯ ಮನೆಯಿಂದ ಹೊರಬಂದು ಹೊಸ ಪ್ಯಾನೆಲ್ ಸೇರಿದ್ದರು. ಅಂದರೆ ಮುಖ ಹಳೆಯದು, ಆದರೆ ಜನ ಅಂಜಿದ್ದ ಬಹುರಾಜ್ಯದ ಠರಾವು ಮರಳಿ ಜೀವ ಪಡೆಯಲಿಲ್ಲ. ಮುಖ ನೋಡಿ 'ಅವನ ಪೈಕಿ' ಅಂತ ತೀರ್ಮಾನ ಮಾಡಿದ್ದವರ ಲೆಕ್ಕ ಇಲ್ಲಿ ತಪ್ಪುತ್ತಿತ್ತು.

ಮನೆತನ ನೋಡಿ ಲೆಕ್ಕ ಹಾಕುವುದೂ ಅಷ್ಟೇ. ಇಚಲಕರಂಜಿ ಲೋಕಸಭಾ ಕ್ಷೇತ್ರದಿಂದ ಬಾಳಾಸಾಹೇಬ ಮಾನೆ 1977ರಿಂದ ಸಾಲಾಗಿ ಐದು ಸಲ ಕಾಂಗ್ರೆಸ್ಸಿನಿಂದ ಗೆದ್ದರು. ಸೊಸೆ ನಿವೇದಿತಾ ಮಾನೆ 1999 ಮತ್ತು 2004ರಲ್ಲಿ ರಾಷ್ಟ್ರವಾದಿ ಕಾಂಗ್ರೆಸ್ಸಿನಿಂದ. ಆ ಕ್ಷೇತ್ರ ಹಾತಕಣಂಗಲೆ ಎಂದಾದ ಮೇಲೆ 2009ರಲ್ಲಿ ರಾಜು ಶೆಟ್ಟಿ ಅವರೆದುರು ನಿವೇದಿತಾ ಸೋತರು. 2019ರಲ್ಲಿ ಮಗ ಧೈರ್ಯಶೀಲ ಮಾನೆ ಶಿವಸೇನೆಯಿಂದ ಗೆದ್ದು ಬಂದರು. ಒಂದೇ ಮನೆ, ಮೂರು ಪಕ್ಷ. ಹೆಸರು ಒಂದೇ ಎಂದು ಧೋರಣೆಯೂ ಒಂದೇ ಅನ್ನಲಿಕ್ಕೆ ಬರುತ್ತದೆಯೇ?

ಎರಡನೆಯ ಪ್ರಕರಣ ಶಕ್ತಿಪೀಠ ಮಹಾಮಾರ್ಗ. ವರ್ಧಾ ಜಿಲ್ಲೆಯ ಪವನಾರದಿಂದ ಗೋವಾ ಗಡಿಯ ಪತ್ರಾದೇವಿಯವರೆಗೆ, 12 ಜಿಲ್ಲೆಗಳನ್ನು ಹಾಯ್ದು ಹೋಗುವ ಸುಮಾರು 802 ಕಿಲೋಮೀಟರ್ ರಸ್ತೆಯ ಯೋಜನೆ. ಮಾಹೂರ, ತುಳಜಾಪುರ, ಕೊಲ್ಹಾಪುರ ಇಂಥ ದೇವಿಕ್ಷೇತ್ರಗಳನ್ನು ಜೋಡಿಸುವುದು ಉದ್ದೇಶ. ನಮ್ಮ ಜಿಲ್ಲೆಯಲ್ಲಿ ಶಿರೋಳ, ಹಾತಕಣಂಗಲೆ, ಕರವೀರ, ಕಾಗಲ, ಭುದರಗಡ, ಆಜರಾ ತಾಲೂಕುಗಳ ಹೊಲಗಳ ಮೇಲೆ ಗೆರೆ ಎಳೆದದ್ದು. ನೀರಾವರಿಯ ಕಪ್ಪು ಮಣ್ಣು, ಕಬ್ಬು ಬೆಳೆಯುವ ಭೂಮಿ. ಸಾತಬಾರಾ ಉತಾರದ ಮೇಲೆ ಗಟ್ ನಂಬರು ಹುಡುಕಿಕೊಂಡು ತಲಾಠಿ ಕಚೇರಿಗೆ ಓಡಾಡಿದವರ ಮಕ್ಕಳು ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿದ್ದಾರೆ. ಎರಡು ಎಕರೆಯವನ ಒಂದೂವರೆ ಎಕರೆ ಹೋದರೆ ಆ ಮಗು ಮುಂದಿನ ವರ್ಷ ಇದೇ ಶಾಲೆಯಲ್ಲಿ ಇರುತ್ತದೋ, ಇಚಲಕರಂಜಿಯ ಯಾವುದೋ ಮಗ್ಗದ ಶೆಡ್ಡಿನ ಹಿಂದಿನ ಖೋಲಿಯಲ್ಲಿ ಇರುತ್ತದೋ ಹೇಳಬರುವುದಿಲ್ಲ.

2024ರ ಲೋಕಸಭಾ ಚುನಾವಣೆ ಬಂತು. ಆಗ ಮುಖ್ಯಮಂತ್ರಿ ಏಕನಾಥ ಶಿಂದೆ. ಆಡಳಿತ ಪಕ್ಷದ ಅಭ್ಯರ್ಥಿಗೆ ಮತ ಕೊಟ್ಟರೆ ರಸ್ತೆ ಮುಂದುವರಿಯುತ್ತದೆ ಎಂಬ ಮಾತು ಹೊಲಹೊಲಕ್ಕೆ ಹಬ್ಬಿತು. ಕೊಲ್ಹಾಪುರ ಕ್ಷೇತ್ರದಲ್ಲಿ ಸಂಜಯ ಮಂಡಲಿಕ ಅವರು ಕಾಂಗ್ರೆಸ್ಸಿನ ಶಾಹೂ ಛತ್ರಪತಿ ಅವರೆದುರು ಒಂದೂವರೆ ಲಕ್ಷಕ್ಕೂ ಮಿಕ್ಕಿದ ಮತಗಳಿಂದ ಸೋತರು. ಪಕ್ಕದ ಹಾತಕಣಂಗಲೆಯಲ್ಲಿ ಮಾತ್ರ ಆಡಳಿತ ಪಕ್ಷದ ಧೈರ್ಯಶೀಲ ಮಾನೆ ಸಣ್ಣ ಅಂತರದಲ್ಲಿ ಗೆದ್ದರು. ಆದ್ದರಿಂದ ಎಲ್ಲವೂ ರಸ್ತೆಯಿಂದಲೇ ಆಯಿತು ಅಂತ ಹೇಳಲಿಕ್ಕೆ ಬರುವುದಿಲ್ಲ. ಆದರೆ ಮುಂದಿನ ಆರು ತಿಂಗಳು ನಡೆದದ್ದು ನೋಡಿದರೆ, ನಾಯಕರಿಗೆ ಬಿಸಿ ತಟ್ಟಿತ್ತು ಅನ್ನುವುದು ಗೊತ್ತಾಗುತ್ತದೆ.

ವಿಧಾನಸಭಾ ಚುನಾವಣೆ ಹತ್ತಿರ ಬಂದಂತೆ ಜಿಲ್ಲೆಯ ಆಡಳಿತ ಪಕ್ಷದವರೇ ಈ ರಸ್ತೆ ನಮಗೆ ಬೇಡ ಅನ್ನತೊಡಗಿದರು. ತಾವು ಬೇರೆ, ಆ ಧೋರಣೆ ಬೇರೆ ಅಂತ ದೂರ ನಿಂತರು. 2024ರ ಅಕ್ಟೋಬರಿನಲ್ಲಿ ಕೊಲ್ಹಾಪುರ ಜಿಲ್ಲೆಯ ಮಟ್ಟಿಗೆ ಭೂಸ್ವಾಧೀನದ ಅಧಿಸೂಚನೆ ರದ್ದಾಯಿತು. ಊರಲ್ಲಿ ಪೇಢೆ ಹಂಚಿದವರೂ ಇದ್ದರು. ನವೆಂಬರ್ 20ರಂದು ಮತದಾನ, 23ರಂದು ಎಣಿಕೆ. ಜಿಲ್ಲೆಯ ಹತ್ತೂ ಸ್ಥಾನಗಳು ಮಹಾಯುತಿ ಮತ್ತು ಅದರ ಜೊತೆ ನಿಂತವರ ಪಾಲಾದವು. ಡಿಸೆಂಬರ್ 5ರಂದು ದೇವೇಂದ್ರ ಫಡಣವೀಸ ಮುಖ್ಯಮಂತ್ರಿಯಾದರು.

2025ರ ಜೂನ್ 24ರಂದು ರಾಜ್ಯ ಮಂತ್ರಿಮಂಡಳ ಅದೇ ಮಹಾಮಾರ್ಗಕ್ಕೆ ಒಪ್ಪಿಗೆ ಕೊಟ್ಟು, ಭೂಮಿ ಪಡೆಯಲು ಹಾಗೂ ಯೋಜನೆಯ ಸಿದ್ಧತೆಗೆ 20,787 ಕೋಟಿ ರೂಪಾಯಿ ಮಂಜೂರು ಮಾಡಿತು. ಕೊಲ್ಹಾಪುರದ ಮಂತ್ರಿಗಳು ಆ ಸಭೆಯಲ್ಲಿ ತಮ್ಮ ಜಿಲ್ಲೆಯ ವಿರೋಧ ತಿಳಿಸಿದರೆಂದು ಪತ್ರಿಕೆಗಳು ಬರೆದವು. ಒಪ್ಪಿಗೆ ಮಾತ್ರ ನಿಲ್ಲಲಿಲ್ಲ. ಜುಲೈ 1ರಂದು ರೈತರು ಮತ್ತೆ ರಸ್ತೆಗಿಳಿದರು. ಮುಂದೆ ನಕಾಶೆಯಲ್ಲಿ ಗೆರೆ ಎತ್ತ ಸರಿಯಿತು ಎಂಬುದು ಬೇರೆ ಮಾತು.

ಮೋಸವಾಯಿತು ಅಂತ ಬಹಳ ಜನ ಹೇಳಿದರು. ನಾನು ಆ ಶಬ್ದ ಬಳಸುವುದಿಲ್ಲ. ಕಾಗದವನ್ನು ಮತ್ತೊಮ್ಮೆ ಓದೋಣ ಅನ್ನುತ್ತೇನೆ. ಅಕ್ಟೋಬರಿನಲ್ಲಿ ರದ್ದಾದದ್ದು ಏನು? ಒಂದು ಜಿಲ್ಲೆಯ ಭೂಸ್ವಾಧೀನದ ಅಧಿಸೂಚನೆ. ಯೋಜನೆ ರದ್ದಾಗಿತ್ತೇ? ಇಲ್ಲ. ಪವನಾರದಿಂದ ಪತ್ರಾದೇವಿಗೆ ಹೋಗಬೇಕಾದ ರಸ್ತೆ ನಡುವೆ ಕೊಲ್ಹಾಪುರವನ್ನು ಹಾರಿ ಹೋಗುತ್ತದೆಯೇ? ಈ ಒಂದು ಪ್ರಶ್ನೆಯನ್ನು ಪೇಢೆ ಕೊಟ್ಟವರಿಗೆ ಕೇಳಿದ್ದರೆ ಅವರು ಏನಾದರೂ ಒಂದು ಉತ್ತರ ಹೇಳಲೇಬೇಕಾಗುತ್ತಿತ್ತು. 'ನಾ ಬ್ಯಾರೆ, ಅಂವ ಬ್ಯಾರೆ' ಅನ್ನುವ ಮಾತು ನಿಜವೇ ಇದ್ದೀತು. ಮನಸಾರೆ ವಿರೋಧಿಸಿದವರೂ ಇದ್ದಾರು. ಆದರೆ ವಿರೋಧಿಸುವ ಮನಸ್ಸು ಬೇರೆ, ನಿಲ್ಲಿಸುವ ಅಧಿಕಾರ ಬೇರೆ.

ಗೋಕುಳದಲ್ಲಿ ಮುಖ ಹಳೆಯದಿದ್ದರೂ ಧೋರಣೆ ಬಿದ್ದುಹೋಯಿತು. ಶಕ್ತಿಪೀಠದಲ್ಲಿ ಅಭ್ಯರ್ಥಿಗಳು ದೂರ ಸರಿದು ನಿಂತರೂ ಧೋರಣೆ ಎದ್ದು ಬಂತು. ವ್ಯತ್ಯಾಸ ಎಲ್ಲಿ? ನನಗೆ ತಿಳಿದ ಮಟ್ಟಿಗೆ, ಗೋಕುಳದ ನಿರ್ಣಯ ಗೋಕುಳದವರ ಕೈಯಲ್ಲೇ ಇತ್ತು. ಠರಾವು ಮಾಡಿದವರೂ ಅವರೇ, ಹಿಂದೆ ತೆಗೆದುಕೊಂಡವರೂ ಅವರೇ, ಮತ ಕೊಡುವವರೂ ಅದೇ ಸಂಸ್ಥೆಗಳವರು. ಮತ್ತೆ ಆ ಠರಾವು ತಂದರೆ ಮುಂದಿನ ಸಭೆಯಲ್ಲಿ ಎದುರಿಗೆ ಕೂತವರು ಅವರೇ. ರಸ್ತೆಯ ನಿರ್ಣಯ ಮುಂಬಯಿಯಲ್ಲಿ, 12 ಜಿಲ್ಲೆಗಳ ಲೆಕ್ಕದಲ್ಲಿ. ನಮ್ಮ ಶಾಸಕರದು ಅಲ್ಲಿ ಒಂದು ದನಿ. ಅಭ್ಯರ್ಥಿಯ ಮಾತು ಎಷ್ಟು ಬಾಳುತ್ತದೆ ಎಂಬುದು ಅವನ ಕೈಗೆ ಯಾವ ಕಾಗದದ ಮೇಲೆ ಸಹಿ ಮಾಡುವ ಅಧಿಕಾರ ಇದೆ ಎಂಬುದರ ಮೇಲೆ ನಿಂತಿದೆ.

ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ನಮ್ಮ ಕನ್ನಡ ಶಾಲೆಗಳ ಹಣೆಬರಹವೂ ಇದೇ ಲೆಕ್ಕದಲ್ಲಿದೆ.

2017ರ ಡಿಸೆಂಬರಿನಲ್ಲಿ, ವಿನೋದ ತಾವಡೆ ಶಿಕ್ಷಣ ಮಂತ್ರಿಯಾಗಿದ್ದಾಗ, ಹತ್ತಕ್ಕಿಂತ ಕಡಿಮೆ ಪಟಸಂಖ್ಯೆಯ ಸುಮಾರು 1,300 ಶಾಲೆಗಳನ್ನು ಮುಚ್ಚಿ ಹತ್ತಿರದ ಶಾಲೆಗೆ ಸೇರಿಸುವ ನಿರ್ಣಯ ಬಂತು. ಬಹಳ ವಿರೋಧವಾಯಿತು. 2019ರಲ್ಲಿ ಸರಕಾರ ಬದಲಾಯಿತು, ಉದ್ಧವ ಠಾಕ್ರೆ ಮುಖ್ಯಮಂತ್ರಿ, ವರ್ಷಾ ಗಾಯಕವಾಡ ಶಿಕ್ಷಣ ಮಂತ್ರಿ. 2022ರಲ್ಲಿ ಮತ್ತೆ ಬದಲಾಯಿತು, ಶಿಂದೆ ಮುಖ್ಯಮಂತ್ರಿ, ದೀಪಕ ಕೇಸರಕರ ಶಿಕ್ಷಣ ಮಂತ್ರಿ. ಆಗ 2023ರಲ್ಲಿ 'ಸಮೂಹ ಶಾಲೆ' ಎಂಬ ಹೊಸ ಹೆಸರು ಬಂತು, ಸಣ್ಣ ಶಾಲೆಗಳನ್ನು ಒಟ್ಟುಗೂಡಿಸುವ ವಿಚಾರ ಅದೇ. 2024ರ ಮಾರ್ಚ್ 15ರ ಸರಕಾರಿ ನಿರ್ಣಯ ಶಿಕ್ಷಕರ ಹುದ್ದೆಗಳನ್ನು ಪಟಸಂಖ್ಯೆಗೆ ಇನ್ನೂ ಬಿಗಿಯಾಗಿ ಕಟ್ಟಿತು. ಆ ಡಿಸೆಂಬರಿನಲ್ಲಿ ದಾದಾ ಭುಸೆ ಶಿಕ್ಷಣ ಮಂತ್ರಿಯಾದರು. ಪಕ್ಷ, ಮೈತ್ರಿ, ಮಂತ್ರಿ ಎಲ್ಲ ಬದಲಾದವು. ಮಕ್ಕಳ ತಲೆ ಎಣಿಸಿ ಶಾಲೆಯ ಆಯುಷ್ಯ ಹೇಳುವ ಧೋರಣೆ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ನಡೆದುಕೊಂಡೇ ಬಂತು.

ಇನ್ನೂ ವಿಚಿತ್ರ ಕೇಳಿ. ಕೊಲ್ಹಾಪುರ ಜಿಲ್ಲಾ ಪರಿಷತ್ತಿನ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಪ್ರಶಾಸಕರು ಕಾರಭಾರ ನಡೆಸಿದರು. ಕೇಳಲು ಅಭ್ಯರ್ಥಿಯೇ ಇಲ್ಲದ ಆ ವರ್ಷಗಳಲ್ಲೂ ಸಪ್ಟೆಂಬರ್ 30ರ ಪಟ ಎಣಿಕೆ ತಪ್ಪಲಿಲ್ಲ.

ಮರಾಠಿ ಶಾಲೆಗೂ ಇದು ಕಷ್ಟವೇ, ಇಲ್ಲವೆನ್ನುವುದಿಲ್ಲ. ಆದರೆ ಕನ್ನಡ ಶಾಲೆಗೆ ಏಟು ಬೇರೆ ರೀತಿಯದು. ಶಿಕ್ಷಣ ಹಕ್ಕಿನ ನಿಯಮದಂತೆ ಸಣ್ಣ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಗಡಹಿಂಗ್ಲಜದ ಪೂರ್ವಭಾಗದ ಒಂದು ಊರಿನ ಕನ್ನಡ ಶಾಲೆ ಮುಚ್ಚಿದರೆ, ಒಂದು ಕಿಲೋಮೀಟರಿನಲ್ಲಿ ಶಾಲೆ ಸಿಗುತ್ತದೆ. ಕನ್ನಡ ಶಾಲೆ ಸಿಗುವುದಿಲ್ಲ. ಕಾಗದದ ಮೇಲೆ ಅದು 'ಸಮಾಯೋಜನೆ', ಅಂದರೆ ಸೇರಿಸುವಿಕೆ. ಮಗುವಿನ ಮಟ್ಟಿಗೆ ಅದು ಮನೆಯ ಮಾತು ಬಿಟ್ಟು ಬೇರೆ ಮಾತಿನಲ್ಲಿ ಲೆಕ್ಕ, ವಿಜ್ಞಾನ ಎಲ್ಲ ಮೊದಲಿನಿಂದ ಶುರು ಮಾಡುವುದು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದೆ. ಎಣಿಕೆಯ ತಖ್ತೆಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. 'ಮುಂದ ನಡಸ್ತಾನೇನು' ಎಂಬ ಪ್ರಶ್ನೆಯಲ್ಲಿ ನಮಗೆ ಬರೀ ಅಂಜಿಕೆ ಅಲ್ಲ, ಆಸೆಯೂ ಇದೆ. ಪುಣೆಯ ಬಾಲಭಾರತಿ 1967ರಲ್ಲಿ ಹುಟ್ಟಿದ್ದು, ಮರಾಠಿಯ ಜೊತೆಗೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುವ ಸಂಸ್ಥೆ. ಮಹಾರಾಷ್ಟ್ರದ ಇತಿಹಾಸವನ್ನೂ ಭೂಗೋಲವನ್ನೂ ನಮ್ಮ ಮಕ್ಕಳು ಕನ್ನಡದಲ್ಲಿ ಓದುವುದು ಆ ಪುಸ್ತಕಗಳಿಂದಲೇ. ಎಷ್ಟೋ ಸರಕಾರಗಳು ಬಂದು ಹೋದರೂ ಆ ಕೆಲಸ ನಡೆದುಕೊಂಡು ಬಂದಿದೆ. ಯಾವ ನಾಯಕರೂ ಭಾಷಣದಲ್ಲಿ ಅದರ ಹೆಸರೆತ್ತುವುದಿಲ್ಲ. ಹೊಸಬ ಬಂದು ಹಳೆಯದನ್ನೆಲ್ಲ ಕಿತ್ತು ಹಾಕಲಿ ಅಂತ ನಾವು ಹಾರೈಸಿದರೆ ಇದನ್ನೂ ಕಿತ್ತು ಹಾಕಬಹುದಲ್ಲ! ಹಾಗಾಗಿ ಯಾವುದು ನಿಲ್ಲಬೇಕು, ಯಾವುದು ನಡೆಯಬೇಕು ಎಂದು ನಾವೇ ಬೇರೆ ಮಾಡಿ ಹೇಳಬೇಕು.

ಪಾಲಕರ ಸಭೆಯಲ್ಲಿ ಒಬ್ಬ ಕಾಕಾ ನನಗೆ ಕೇಳಿದರು, "ಹಂಗಾದ್ರ ನಾವ್ ಕೇಳೂದರ ಏನ್ರಿ ಗುರೂಜಿ? ಅವ್ರು ಎಲ್ಲಾದಕ್ಕೂ ಹೂಂ ಅಂತಾರು." ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

'ನೀವು ಅವರ ಮನುಷ್ಯರೇ?' ಅಂತ ಕೇಳಬೇಡಿ. ಅದಕ್ಕೆ 'ಅಲ್ಲ' ಅನ್ನುವುದು ಬಲು ಸುಲಭ. ಒಂದು ನಿರ್ಣಯದ ಹೆಸರು, ತಾರೀಖು ಹೇಳಿ ಕೇಳಿ. '2024ರ ಮಾರ್ಚ್ 15ರ ನಿರ್ಣಯದ ಬಗ್ಗೆ ನಿಮ್ಮದೇನು?' ಅಂದರೆ ಹೂಂ ಅನ್ನುವ ಮೊದಲು ಅವರು ಅದನ್ನು ಓದಬೇಕಾಗುತ್ತದೆ. ಓದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಆಮೇಲೆ, ಅದನ್ನು ಬದಲಿಸುವ ಅಧಿಕಾರ ನೀವು ನಿಂತ ಕುರ್ಚಿಗೆ ಇದೆಯೇ ಅಂತ ಕೇಳಿ. ಗ್ರಾಮಪಂಚಾಯತಿಗೆ ನಿಂತವರು ಹೆದ್ದಾರಿ ನಿಲ್ಲಿಸುತ್ತೇನೆ ಅಂದರೆ ನಗಬೇಕು. ಶಾಲೆಯ ಖೋಲಿಯ ಹಂಚು ಹೊದಿಸುತ್ತೇನೆ ಅಂದರೆ ಕೂತು ಮಾತಾಡಬೇಕು. ಅಧಿಕಾರ ಇಲ್ಲವಾದರೆ, ಇರುವವರ ಎದುರು ನೀವು ಏನು ಮಾಡುತ್ತೀರಿ, ರಾಜೀನಾಮೆ ಕೊಡುತ್ತೀರೋ, ಸದನದಲ್ಲಿ ಮಾತಾಡುತ್ತೀರೋ, ಸುಮ್ಮನೆ ಕೂಡುತ್ತೀರೋ?

ರದ್ದು ಅಂದರೆ ಯಾವುದು ರದ್ದು ಅಂತ ಕೇಳಿ. ಅಧಿಸೂಚನೆಯೋ, ಯೋಜನೆಯೋ? ನಮ್ಮ ಜಿಲ್ಲೆಗಷ್ಟೋ, ಎಲ್ಲಕ್ಕೋ? ಈ ವರ್ಷಕ್ಕಷ್ಟೋ, ಕಾಯಂ ಆಗಿಯೋ? ಕೊನೆಗೆ, ಹಿಂದಿನವರು ಮಾಡಿದ್ದರಲ್ಲಿ ಏನನ್ನು ಉಳಿಸಿಕೊಳ್ಳುತ್ತೀರಿ ಅಂತಲೂ ಕೇಳಿ. 'ಏನೂ ಇಲ್ಲ' ಅನ್ನುವವನು ಯೋಚಿಸಿಲ್ಲ, 'ಎಲ್ಲಾ' ಅನ್ನುವವನು ನಿಮ್ಮ ಮಾತು ಕೇಳಿಸಿಕೊಂಡಿಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟ್ ಕೇಳಿದ್ರ ಮುಂದಿನ ಸಲ ನಮ್ಮ ಓಣ್ಯಾಗ ಬರೂದs ಬಿಡ್ತಾರ್ರಿ" ಅಂದರು. ಎಲ್ಲರೂ ನಕ್ಕರು. ಹಿಂದೆ ಕೂತಿದ್ದ ಒಬ್ಬ ತಾಯಿ ನಗಲಿಲ್ಲ. "ಬರಲಿಲ್ಲಂದ್ರ ನಾವs ಹೋಗೂಣು" ಅಂದಳು. ಅವಳು ನಮ್ಮ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯೆ. ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಬಹಳ ಊರುಗಳಲ್ಲಿ ಸಹಿ ಮಾಡಿಸಲಿಕ್ಕಷ್ಟೇ ಕರೆಯುತ್ತಾರೆ. ಆದರೆ ಠರಾವು ಮಾಡುವ ಹಕ್ಕು ಆ ಸಮಿತಿಗಿದೆ. ಆ ಠರಾವನ್ನು ಗ್ರಾಮಸಭೆಯ ಮುಂದೆ ಇಡಬಹುದು, ಅಭ್ಯರ್ಥಿಯ ಕೈಗೂ ಕೊಡಬಹುದು, 2005ರ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಅದರ ಗತಿ ಏನಾಯಿತು ಅಂತಲೂ ಕೇಳಬಹುದು.

ನಮ್ಮ ಜಿಲ್ಲೆಯ ಕನ್ನಡ ಶಾಲೆಗಳ ಪಾಲಕರ ಮತ ಒಟ್ಟುಗೂಡಿಸಿದರೂ ಯಾವ ಶಾಸಕರನ್ನೂ ಬೀಳಿಸುವಷ್ಟಾಗುವುದಿಲ್ಲ. ಅದು ನಾಯಕರಿಗೂ ಗೊತ್ತು. ಹೀಗಾಗಿ ನಮ್ಮ ಪ್ರಶ್ನೆ ಸಂಖ್ಯೆಯ ಬಲದಿಂದ ನಿಲ್ಲುವುದಿಲ್ಲ. ತಾರೀಖು ಹಾಕಿ, ನಿರ್ಣಯದ ಹೆಸರು ಹೇಳಿ, ಬರೆದುಕೊಟ್ಟು, ಪೋಚು ತೆಗೆದುಕೊಂಡ ಪ್ರಶ್ನೆ ಫೈಲಿನಲ್ಲಿ ಉಳಿಯುತ್ತದೆ. ಹತ್ತು ಪಾಲಕರ ಶಾಲೆಗೂ ಅದು ಸಾಧ್ಯ. ಮುಂದಿನ ಪಾಲಕರ ಸಭೆಗೆ ಬರುವಾಗ ಒಂದು ನೋಟಬುಕ್ಕು ತನ್ನಿ. ಯಾವ ಅಭ್ಯರ್ಥಿ, ಯಾವ ದಿನ, ಯಾವ ನಿರ್ಣಯದ ಬಗ್ಗೆ ಏನು ಹೇಳಿದರು ಎಂದು ಒಂದೊಂದು ಸಾಲು ಬರೆದಿಡಿ. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಯಿಸಿ. ಕನ್ನಡದಲ್ಲೇ ಬರೆಯುತ್ತಾರೆ, ಚೆನ್ನಾಗಿಯೇ ಬರೆಯುತ್ತಾರೆ.